ತೋಟದ ತುಂಬಾ ಬಾಂಗ್ಲಾದವರೇ ಅಲ್ವಾ?

ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಬೆಂಗಳೂರಿನ ನೆಂಟರು ಯಾರೇ ಸಿಗಲಿ, ಇದನ್ನು ಕೇಳದೆ ಬಿಡುವುದಿಲ್ಲ: "ನಿಮ್ಮ ಕಡೆ ತೋಟದ ತುಂಬಾ ಬಾಂಗ್ಲಾದವರೇ ಅಂತೆ? ನಮ್ಮವರ ಕೆಲಸ ಹೋಯ್ತು, ದೇಶಕ್ಕೂ ಅಪಾಯ, ಅಲ್ವಾ?"

ಮೊದಲು ಕೆಲಸದ ಮಾತು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಆ ಹೊತ್ತಿಗೆ ಆಳು ಸಿಗದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ನಮ್ಮ ಲೈನ್ ಮನೆಗಳಲ್ಲಿ, ಅಂದರೆ ತೋಟದ ಆಳುಗಳ ಸಾಲು ಮನೆಗಳಲ್ಲಿ, ಇದ್ದವರ ಮಕ್ಕಳು ಓದಿ ಹಾಸನ, ಬೆಂಗಳೂರು ಸೇರಿದರು. ಒಳ್ಳೆಯದೇ ಆಯ್ತು. ಆ ಜಾಗಕ್ಕೆ ಬಂದವರು ಅಸ್ಸಾಂನವರು. ಅವರಲ್ಲಿ ಬಂಗಾಳಿ ಮಾತಾಡುವವರು ಜಾಸ್ತಿ. ಮಾತು ಕಿವಿಗೆ ಬಿದ್ದ ಕೂಡಲೇ ನಾವು 'ಬಾಂಗ್ಲಾ' ಅಂದುಬಿಡುತ್ತೇವೆ.

ಹೋದ ಕೊಯ್ಲಿನಲ್ಲಿ ಬರಪೇಟಾ ಜಿಲ್ಲೆಯ ಹೆಂಗಸೊಬ್ಬರ ಆಧಾರ್ ಕೇಳಿದೆ. ಅದರ ಜೊತೆ ಪ್ಲಾಸ್ಟಿಕ್ ಕವರಿನಿಂದ ಇನ್ನೊಂದು ಕಾಗದ ತೆಗೆದರು. ಮಡಿಕೆಗಳಲ್ಲಿ ಹರಿದಿತ್ತು. 1966ರ ಮತದಾರರ ಪಟ್ಟಿಯ ನಕಲು, ಅದರಲ್ಲಿ ಅವರ ಅಜ್ಜನ ಹೆಸರು. ಅಸ್ಸಾಂನಲ್ಲಿ ಎನ್‌ಆರ್‌ಸಿಗೆ, ಅಂದರೆ ಪೌರರ ಪಟ್ಟಿಗೆ, ಹೆಸರು ಸೇರಬೇಕಾದರೆ 1971ರ ಮಾರ್ಚ್ 24ರ ರಾತ್ರಿಗೆ ಮುಂಚಿನ ದಾಖಲೆ ತೋರಿಸಬೇಕಿತ್ತು. 2019ರ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಆ ಹೆದರಿಕೆಯನ್ನು ಆಕೆ ನಮ್ಮ ತೋಟದವರೆಗೂ ಹೊತ್ತು ತಂದಿದ್ದರು.

ಹಾಗಂತ ಕದ್ದು ಬಂದವರು ಯಾರೂ ಇಲ್ಲ ಅಂತ ನಾನು ಹೇಳುವುದಿಲ್ಲ. ಬಾಂಗ್ಲಾ ಗಡಿ 4,096 ಕಿ.ಮೀ. ಉದ್ದ. ಎಷ್ಟೋ ಕಡೆ ನದಿಯೇ ಗಡಿ, ಬೇಲಿ ಹಾಕಲು ಆಗುವುದಿಲ್ಲ. ಆಧಾರ್ ಇದ್ದ ಮಾತ್ರಕ್ಕೆ ಯಾರೂ ಭಾರತದ ಪ್ರಜೆ ಆಗುವುದಿಲ್ಲ, ಅದನ್ನು ಕಾನೂನೇ ಹೇಳುತ್ತದೆ. ಕಾಗದ ಇಲ್ಲದವನಿಗೆ ಆಳು ಕರೆತರುವ ಮೇಸ್ತ್ರಿಯೇ ದಿಕ್ಕು. ಪೊಲೀಸರ ಹೆಸರು ಹೇಳಿ ಹೆದರಿಸಿ ಅವನ ಕೂಲಿ ಮುರಿದುಕೊಳ್ಳುವುದು ಸುಲಭ. ಅವನು ಕಮ್ಮಿಗೆ ದುಡಿದರೆ, ಜಾಸ್ತಿ ಕೇಳಿದ ಊರಿನ ಆಳಿಗೆ "ಬೇಡ ಬಿಡು" ಅನ್ನುತ್ತೇವೆ. ನಮ್ಮವರಿಗೆ ಪೆಟ್ಟು ಬೀಳುವುದು ಇಲ್ಲಿ. ಇದರಲ್ಲಿ ನಮ್ಮಂಥ ತೋಟದವರ ಪಾಲೂ ಇದೆ.

ಇನ್ನು ಭದ್ರತೆ. 2014ರಲ್ಲಿ ಪಶ್ಚಿಮ ಬಂಗಾಳದ ಬರ್ಧಮಾನ್‌ನಲ್ಲಿ ಮನೆಯೊಂದರಲ್ಲಿ ಬಾಂಬ್ ಸಿಡಿಯಿತು. ಅದರ ಹಿಂದಿದ್ದ ಬಾಂಗ್ಲಾದೇಶದ ಉಗ್ರ ಸಂಘಟನೆ ಜೆಎಂಬಿಯ ಮುಖಂಡನನ್ನು ಕೇಂದ್ರದ ತನಿಖಾ ದಳ ಎನ್‌ಐಎ 2018ರ ಆಗಸ್ಟ್‌ನಲ್ಲಿ ಹಿಡಿದದ್ದು ನಮ್ಮ ರಾಮನಗರದ ಬಾಡಿಗೆ ಮನೆಯಲ್ಲಿ. ಅಪಾಯ ಸುಳ್ಳಲ್ಲ. ಆದರೆ ಅಂಥವನು ಸಿಕ್ಕಿದ್ದು ವರ್ಷಗಟ್ಟಲೆ ಜಾಡು ಹಿಡಿದು ಹೋದ ಮೇಲೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದವರು' ಅಂತ ಜೋಪಡಿಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೇ ಎಷ್ಟೋ ಜನ ಇದ್ದರು. ಎಲ್ಲರನ್ನೂ ಹೀಗೆ ಹೆದರಿಸಿದರೆ ಜನ ಹೆಸರು ಹೇಳುವುದನ್ನೇ ಬಿಡುತ್ತಾರೆ. ಅಡಗಬೇಕಾದವನಿಗೆ ಅದೇ ಬೇಕು.

ನಾನು ಮಾಡಿದ್ದು ಇಷ್ಟು. ಬಂದವರೆಲ್ಲರ ಪಟ್ಟಿ, ಫೋಟೋ ಠಾಣೆಗೆ ಕೊಟ್ಟೆ. ಮೇಸ್ತ್ರಿ ಕೈಗೆ ದುಡ್ಡು ಕೊಡದೆ, ಕುಯ್ದ ಕೆಜಿ ಲೆಕ್ಕ ಹಾಕಿ ಅವರವರ ಕೈಗೇ ಕೂಲಿ ಕೊಟ್ಟೆ. ಮೇಸ್ತ್ರಿ ಮುಖ ಊದಿಸಿಕೊಂಡ. ಬರಪೇಟಾದ ಆ ಹೆಂಗಸು ಮಾತ್ರ ದಿನಾ ಸಂಜೆ ಕಣದ ಹತ್ತಿರ ಬಂದು, ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಬರೆದಿದ್ದ ಅಂಕಿಯ ಮೇಲೆ ಬೆರಳಿಟ್ಟು ನೋಡಿ ಹೋಗುತ್ತಿದ್ದರು.