ಕೊನೆಗೆ ಮಾಡ್ಯುಲರ್ ಕಿಚನ್ ತಾನೆ ಮಾಡೋದು?

ಇಂಟೀರಿಯರ್ ಡಿಸೈನ್ ಓದ್ತಿದ್ದೀನಿ ಅಂದ ಕೂಡಲೇ ಎದುರಾಗುವ ಮೊದಲ ಪ್ರಶ್ನೆ, "ನಮ್ಮ ಹಾಲ್‌ಗೆ ಯಾವ ಬಣ್ಣ ಹೊಡೆಸಲಿ?" ಅದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿದೆ: ಮೊದಲು ಗೋಡೆಗೆ ನೀರು ಇಳಿಯೋದನ್ನ ನಿಲ್ಲಿಸಿ, ಬಣ್ಣ ಆಮೇಲೆ. ಎರಡನೆಯದಕ್ಕೆ ಹೀಗೆ ಒಂದೇ ಮಾತಲ್ಲಿ ಉತ್ತರ ಕೊಡೋಕಾಗಲ್ಲ. ನನ್ನ ಸ್ಟುಡಿಯೊ ಕೆಲಸಗಳನ್ನು ತಿರುವಿ ನೋಡಿದವರು ಕೇಳುತ್ತಾರೆ: "ಇದೇನಮ್ಮಾ, ಬರೀ ಟೈಲರಿಂಗ್ ಶೆಡ್ಡು, ಲೈಬ್ರರಿ, ಆಫೀಸು! ಕೊನೆಗೆ ನೀವೆಲ್ಲ ಹೋಗಿ ಮಾಡೋದು ಮಾಡ್ಯುಲರ್ ಕಿಚನ್ನು, ವಾರ್ಡ್‌ರೋಬು ತಾನೆ? ಅದನ್ನೇ ಕಲಿಸಬಾರದಾ ಕಾಲೇಜಲ್ಲಿ?" ಚಿಕ್ಕಪ್ಪ ಕೇಳಿದ್ದಾರೆ, ಪಕ್ಕದ ಮನೆಯವರು ಕೇಳಿದ್ದಾರೆ, ಇಂಟರ್ನ್‌ಶಿಪ್‌ಗೆ ಸಂದರ್ಶನ ಮಾಡಿದವರೂ ನಗುತ್ತಲೇ ಕೇಳಿದ್ದಾರೆ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಕೆಲಸದ ಜಾಗದಲ್ಲಿ, ಊರಿನವರೆಲ್ಲ ಬಳಸುವ ಜಾಗದಲ್ಲಿ ದುಡ್ಡು ಕೊಡುವವರು ಒಬ್ಬರು, ದಿನಾ ಬಂದು ಕೂರುವವರು ಇನ್ನೊಬ್ಬರು. ದುಡ್ಡು ಕೊಡುವವರು ಮೀಟಿಂಗಿಗೆ ಬರುತ್ತಾರೆ, ರೆಂಡರ್ (ಮುಗಿದ ಮೇಲೆ ಹೇಗಿರುತ್ತೆ ಅಂತ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ) ನೋಡುತ್ತಾರೆ, "ಇಲ್ಲಿ ಸ್ವಲ್ಪ ರಿಚ್ ಲುಕ್ ಬರಲಿ" ಅನ್ನುತ್ತಾರೆ. ಕೂರುವವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ಹೋದರೂ ಅವರು ತಮಗೇನು ಬೇಕು ಅಂತ ತಟ್ಟನೆ ಹೇಳುವುದಿಲ್ಲ, ಕೇಳಿ ಅಭ್ಯಾಸವೇ ಇರುವುದಿಲ್ಲ. ಅವರನ್ನು ನೋಡಿ ತಿಳಿದುಕೊಳ್ಳುವುದನ್ನು ಕಲಿಯೋಕೆ ಫ್ಲಾಟಿನ ಕಿಚನ್‌ಗಿಂತ ಟೈಲರಿಂಗ್ ಶೆಡ್ಡು ಒಳ್ಳೆಯ ಜಾಗ.

ಹಾಗಂತ ಕಿಚನ್ ಬೇರೆ ಲೋಕದ್ದೇನಲ್ಲ. ಇಎಂಐ ಕಟ್ಟುವವರು ಕಪಾಟಿನ ಬಾಗಿಲ ಬಣ್ಣ ಆರಿಸುತ್ತಾರೆ, ಅಡುಗೆ ಮಾಡುವವರು ಕಟ್ಟೆಯ ಮುಂದೆ ನಿಲ್ಲುತ್ತಾರೆ. ಮಾರುಕಟ್ಟೆಯಲ್ಲಿ ಕಟ್ಟೆಯ ಎತ್ತರ ಸಾಮಾನ್ಯವಾಗಿ 85 ಸೆಂಟಿಮೀಟರ್ ಆಸುಪಾಸು. ಮೊಣಕೈಗಿಂತ ಹತ್ತು ಹದಿನೈದು ಸೆಂಟಿಮೀಟರ್ ಕೆಳಗೆ ಕಟ್ಟೆ ಇದ್ದರೆ ಭುಜಕ್ಕೆ ಹಿತ ಅನ್ನುವ ಲೆಕ್ಕ ಹಿಡಿದರೆ, ಐದಡಿ ಎತ್ತರದ ಅಮ್ಮನಿಗೆ ಇದು ಅಂಚಿನ ಅಳತೆ, ಮೇಲೆ ಒಲೆ, ಪಾತ್ರೆ ಸೇರಿದರೆ ಹೆಚ್ಚೇ ಆಯಿತು. ಸಾರು ಕುದಿಯುವ ಪಾತ್ರೆಯೊಳಗೆ ಸೌಟು ಆಡಿಸುವಾಗ ಅವರ ಭುಜ ಮೇಲೇರುವುದನ್ನು ನೋಡಿ, ಗೊತ್ತಾಗುತ್ತೆ. ನಮ್ಮವರ ಮೈಯಳತೆಗಳ ದೊಡ್ಡ ಸಂಗ್ರಹವೊಂದನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) 1997ರಲ್ಲೇ ಪ್ರಕಟಿಸಿದೆ. ಆದರೂ ಪರದೇಶದ ಅಳತೆಗಳನ್ನೇ ಹಾಗೇ ಎತ್ತಿ ಹಾಕುವವರು ಬೇಕಾದಷ್ಟಿದ್ದಾರೆ.

ಈಗ ಟೈಲರಿಂಗ್ ಶೆಡ್ಡಿನ ವಿಷಯ. ಕೆಲಸದ ಜಾಗ ಅನ್ನುವ ವಿಷಯ ಕೊಟ್ಟಾಗ ಕ್ಲಾಸಿನಲ್ಲಿ ಹೆಚ್ಚಿನವರು ಸ್ಟಾರ್ಟಪ್ ಆಫೀಸು ಹಿಡಿದರು. ಬೀನ್ ಬ್ಯಾಗು, ನಿಯಾನ್ ಬೋರ್ಡು, ಗೋಡೆ ಮೇಲೆ ನಕಲಿ ಹುಲ್ಲು. ನಾನು ಮಂಡ್ಯ ಜಿಲ್ಲೆಯ ಒಂದು ಊರಿನ ಸ್ತ್ರೀಶಕ್ತಿ ಸಂಘದ ಹೊಲಿಗೆ ಕೋಣೆಯನ್ನು ತೆಗೆದುಕೊಂಡೆ. ಶಾಲೆ ಯೂನಿಫಾರ್ಮು, ರವಿಕೆ, ಸೀರೆಗೆ ಫಾಲ್, ಝಿಗ್‌ಝಾಗ್. ಕೋಣೆಯಲ್ಲಿ ಮೆಷಿನ್‌ಗಳೆಲ್ಲ ಗೋಡೆಗೆ ಮುಖ ಮಾಡಿ ಸಾಲಾಗಿದ್ದವು. ಯಾಕೆ ಅಂದರೆ ಪ್ಲಗ್ ಪಾಯಿಂಟು ಗೋಡೆಯಲ್ಲಿತ್ತು, ಅಷ್ಟೇ. ಅದರಿಂದ ಏನೇನಾಗಿತ್ತು ನೋಡಿ. ಬೆಳಕು ಬೆನ್ನ ಹಿಂದಿನ ಕಿಟಕಿಯಿಂದ ಬಂದು, ಹೊಲಿಯುವವರ ನೆರಳು ಅವರ ಸೂಜಿಯ ಮೇಲೇ ಬೀಳುತ್ತಿತ್ತು. ಬಾಗಿಲಿಗೆ ಯಾರು ಬಂದರು ಅಂತ ನೋಡಲು ಪ್ರತಿ ಸಲ ಕತ್ತು ತಿರುಗಿಸಬೇಕು. ಪಕ್ಕದವರ ಜೊತೆ ಮಾತಾಡಬೇಕಾದರೆ ಗೋಡೆಗೆ ಹೇಳಿ, ಅದು ಅವರಿಗೆ ತಲುಪಬೇಕು.

ಹೊಲಿಗೆ ಮೆಷಿನ್ನನ್ನು ಹತ್ತಿರದಿಂದ ಗಮನಿಸಿದ್ದೀರಾ? ಕೂತವರ ಬಲಕ್ಕೆ ಚಕ್ರ, ಅಲ್ಲೇ ಮೆಷಿನ್ನಿನ ದಪ್ಪ ಕಂಬ. ಸೂಜಿ ಇರುವುದು ಎಡತುದಿಯಲ್ಲಿ. ಬಲಗಡೆಯಿಂದ ಬೆಳಕು ಬಂದರೆ ಕಂಬದ ನೆರಳು ಸರಿಯಾಗಿ ಹೊಲಿಗೆಯ ಮೇಲೆ ಕೂರುತ್ತದೆ. ಹಾಗಾಗಿ ಕಿಟಕಿ ಎಡಕ್ಕಿರಬೇಕು. ಬಟ್ಟೆಯ ಭಾರವೂ ಎಡಕ್ಕೇ ಇಳಿಯುತ್ತದೆ, ಒಂದು ಸೀರೆಯ ಫಾಲ್ ಹೊಲಿಯುವಾಗ ಐದೂವರೆ ಮೀಟರ್ ಬಟ್ಟೆ ಎಡಗಡೆ ಮಡಿಲಿಂದ ನೆಲಕ್ಕೆ ಜಾರುತ್ತಿರುತ್ತದೆ. ಅಲ್ಲೊಂದು ಮಡಚುವ ಹಲಗೆ ಇದ್ದರೆ ಬಟ್ಟೆ ಕೊಳೆಯಾಗಲ್ಲ, ಎಳೆಯಲೂ ಬೇಕಿಲ್ಲ. ನನ್ನ ಪ್ಲಾನಿನಲ್ಲಿ ಮೆಷಿನ್‌ಗಳು ಗೋಡೆ ಬಿಟ್ಟು, ಕಿಟಕಿ ಎಡಕ್ಕೆ ಬರುವ ಹಾಗೆ ಅಡ್ಡ ತಿರುಗಿದವು. ಕರೆಂಟು ಛಾವಣಿಯಿಂದ ಪೈಪಿನಲ್ಲಿ ಇಳಿದು ಬಂತು. ಇಸ್ತ್ರಿ ಪೆಟ್ಟಿಗೆಗೆ ಬೇರೆಯೇ 16 ಆಂಪ್ ಪಾಯಿಂಟು. ಒಂದು ಸಾವಿರ ವಾಟಿನ ಇಸ್ತ್ರಿಯನ್ನೂ ಮೆಷಿನ್ ಮೋಟಾರುಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರೆ ಏನಾಗುತ್ತೆ ಅಂತ ಅಲ್ಲಿನ ಕಪ್ಪಿಟ್ಟ ಸಾಕೆಟ್ಟು ನೋಡಿದರೇ ಸಾಕು.

ಕಟಿಂಗ್ ಟೇಬಲ್ಲು ನಿಂತು ಕೆಲಸ ಮಾಡುವ ಎತ್ತರಕ್ಕೆ, ಸುಮಾರು 90 ಸೆಂಟಿಮೀಟರ್. ಟೇಬಲ್ಲಿನ ಅಗಲ ಕೇಳಿದರೆ ಬಟ್ಟೆಯ ಪನ್ನಾ, ಅಂದರೆ ಬಟ್ಟೆಯ ಅಗಲ, ಹೇಳುತ್ತದೆ: 44 ಇಂಚಿನ ಬಟ್ಟೆಗೆ ನಾಲ್ಕಡಿ ಸಾಕು, 58 ಇಂಚಿನದಕ್ಕೆ ಐದಡಿ ಬೇಕು. ಮತ್ತೆ ಫ್ಯಾನು. ಬಟ್ಟೆ ಕತ್ತರಿಸುವಾಗ ಯಾರೋ ಒಬ್ಬರು ಎದ್ದು ಹೋಗಿ ಫ್ಯಾನ್ ಆರಿಸುತ್ತಿದ್ದರು, ಗುರುತು ಹಾಕಿದ ಪೇಪರ್ ಹಾರಿ ಹೋಗುತ್ತೆ ಅಂತ. ಏಪ್ರಿಲ್ ತಿಂಗಳಲ್ಲಿ, ಉಳಿದವರೆಲ್ಲ ಸೆಕೆಯಲ್ಲಿ ಕೂತು ಕಾಯುವುದು! ಟೇಬಲ್ಲನ್ನು ಫ್ಯಾನಿನ ಗಾಳಿಯಿಂದ ಆಚೆ ಸರಿಸಿದರೆ ಮುಗಿಯುವ ಸಮಸ್ಯೆ.

ಇಷ್ಟೆಲ್ಲ ಅಳೆದು, ಬರೆದು, ಕೊನೆಗೆ ನಿಮಗೇನಾದರೂ ಬೇಕಾ ಅಂತ ಕೇಳಿದೆ. ಸಂಘದ ಹಿರಿಯರೊಬ್ಬರು ಮೇಲೆ ನೋಡಿ, "ಅಲ್ಲಿ ತೊಲೇಗೆ ಒಂದು ಕೊಕ್ಕೆ ಹಾಕ್ಸಿಕೊಡವ್ವ. ಮಗು ಇರೋರು ಬತ್ತಾರೆ, ಸೀರೆ ತೊಟ್ಲು ಕಟ್ಟಾಕೆ" ಅಂದರು. ಅವರಾಗಿ ಕೇಳಿದ್ದು ಅದೊಂದೇ. ನಾವು 3ಡಿ ಚಿತ್ರ ಮಾಡುವ ಸ್ಕೆಚ್‌ಅಪ್ ಸಾಫ್ಟ್‌ವೇರಿನಲ್ಲಿ ಕಾಫಿ ಮೆಷಿನ್ನಿನ ನೂರು ಮಾದರಿ ಸಿಗುತ್ತೆ, ಸೀರೆ ತೊಟ್ಟಿಲು ಸಿಗಲಿಲ್ಲ. ನಾನೇ ಮಾಡಿಕೊಂಡೆ. ಕೊಕ್ಕೆಯನ್ನು ಓವರ್‌ಲಾಕ್ ಮೆಷಿನ್ನಿನಿಂದ (ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ಹೊಲಿಯುವಂಥದ್ದು) ದೂರ ಇಟ್ಟೆ. ಅದರ ಸದ್ದು ಜೋರು, ಎಳೆಎಳೆಯಾಗಿ ದೂಳೂ ಹಾರುತ್ತೆ.

ಕೆಲಸ ನೋಡಿ ಮಾರ್ಕ್ಸ್ ಕೊಡುವ ಜ್ಯೂರಿಯಲ್ಲಿ ಒಬ್ಬರು "ಇದರಲ್ಲಿ ಡಿಸೈನ್ ಎಲ್ಲಿದೆ?" ಅಂತ ಕೇಳಿದರು. ಕೋಣೆಯನ್ನು ನಡುವೆ ಸೀಳಿದ ಹಾಗೆ ಒಳಗನ್ನು ತೋರಿಸುವ ಸೆಕ್ಷನ್ ಡ್ರಾಯಿಂಗ್ ತೋರಿಸಿದೆ. ಅವರಿಗೆ ಅಷ್ಟೇನೂ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ.

ಆಫೀಸಿನ ಇತಿಹಾಸ ಓದುವಾಗಲೂ ನನಗೆ ಕಾಣುವುದು ದುಡ್ಡು ಕೊಡುವವರ ಮತ್ತು ಕೂರುವವರ ಇದೇ ಜಗಳ. ಅಮೆರಿಕದ ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್‌ಗಾಗಿ ರಾಬರ್ಟ್ ಪ್ರಾಪ್ಸ್ಟ್ ರೂಪಿಸಿದ ಆಕ್ಷನ್ ಆಫೀಸ್ ಅನ್ನುವ ಕಚೇರಿ ಪೀಠೋಪಕರಣಗಳ ಜೋಡಣೆ 1964ರಲ್ಲಿ ಬಂತು, ಅದರ ಎರಡನೆಯ ರೂಪ 1968ರಲ್ಲಿ. ಸಾಲುಸಾಲು ಮೇಜುಗಳ ಸದ್ದಿನಿಂದ ನೌಕರರಿಗೆ ಬಿಡುಗಡೆ ಸಿಗಲಿ, ಬೇಕಾದ ಹಾಗೆ ತಡಿಕೆ ತಿರುಗಿಸಿಕೊಳ್ಳಲಿ, ನಿಂತೂ ಕೂತೂ ಕೆಲಸ ಮಾಡಲಿ ಅನ್ನುವುದು ಅವನ ಯೋಚನೆ. ಕೊಂಡುಕೊಂಡ ಕಂಪನಿಗಳು ಲೆಕ್ಕ ಹಾಕಿದ್ದು ಬೇರೆ: ಅದೇ ತಡಿಕೆಗಳನ್ನು ಚೌಕಕ್ಕೆ ಜೋಡಿಸಿದರೆ ಒಂದು ಮಹಡಿಗೆ ಇನ್ನೂ ಎಷ್ಟು ಜನ ಹಿಡಿಸುತ್ತಾರೆ? ಹಾಗೆ ಹುಟ್ಟಿದ್ದು ಕ್ಯೂಬಿಕಲ್. ತನ್ನ ಯೋಚನೆಗೆ ಬಂದ ಗತಿ ನೋಡಿ ಪ್ರಾಪ್ಸ್ಟ್ ಕೊನೆಗಾಲದಲ್ಲಿ ಬೇಸರಪಟ್ಟಿದ್ದ. ಅಷ್ಟು ದೂರ ಯಾಕೆ, ಕೇರಳದಲ್ಲಿ ಬಟ್ಟೆ ಅಂಗಡಿಯ ಸೇಲ್ಸ್ ಹೆಣ್ಣುಮಕ್ಕಳು ಕೂರುವ ಹಕ್ಕಿಗೆ ವರ್ಷಗಟ್ಟಲೆ ಹೋರಾಡಬೇಕಾಯಿತು. 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದಿತು, 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಅಂಗಡಿಯ ಇಂಟೀರಿಯರ್ ಮಾಡಿದವರು ಗಿರಾಕಿಗೆ ಮೆತ್ತನೆ ಸೋಫಾ ಬರೆದಿದ್ದರು, ಸೀರೆ ಬಿಚ್ಚಿ ತೋರಿಸುವವರಿಗೆ ಒಂದು ಸ್ಟೂಲನ್ನೂ ಬರೆದಿರಲಿಲ್ಲ. ಆ ಸ್ಟೂಲಿಗೆ ಕಾನೂನೇ ಬೇಕಾಯಿತು. ಮುಂದಿನ ಸಲ ನಮ್ಮೂರ ಸೀರೆ ಅಂಗಡಿಗೆ ಹೋದಾಗ ಕೌಂಟರಿನ ಹಿಂದೆ ಕುರ್ಚಿ ಇದೆಯಾ ಅಂತ ಒಮ್ಮೆ ಬಗ್ಗಿ ನೋಡಿ.

ಸಮುದಾಯದ ಜಾಗಕ್ಕೆ ನಾನು ಆರಿಸಿಕೊಂಡದ್ದು ಗ್ರಾಮ ಪಂಚಾಯಿತಿಯ ಗ್ರಂಥಾಲಯ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ, ಮರುವರ್ಷ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನಲ್ಲಿ ಅರಿವು ಕೇಂದ್ರ ಅಂತಿರುತ್ತದೆ. ಮೊದಲು ಬರುತ್ತಿದ್ದವರು ಪೇಪರ್ ಓದುವ ಹಿರಿಯರು. ಈಗ ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳು, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಎಲ್ಲರೂ ಅದೇ ಕೋಣೆಗೆ.

ತೊಂದರೆ ಸದ್ದಿನದು. ನಮ್ಮ ಹಳ್ಳಿಗಳಲ್ಲಿ ಪೇಪರನ್ನು ಒಬ್ಬರೇ ಮೌನವಾಗಿ ಓದುವುದಿಲ್ಲ. ಅಕ್ಷರ ಬರುವವರು ಓದುತ್ತಾರೆ, ಬಾರದವರು ಕೇಳುತ್ತಾರೆ, ನಡುನಡುವೆ ಸರ್ಕಾರಕ್ಕೆ ಬೈಗುಳ. ಅದನ್ನು ನಿಲ್ಲಿಸಿ ಅನ್ನುವುದು ನನಗೆ ಸರಿ ಕಾಣಲಿಲ್ಲ, ಅದೂ ಗ್ರಂಥಾಲಯದ ಕೆಲಸವೇ. ಆದರೆ ಪಕ್ಕದಲ್ಲಿ ಭಾರತದ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿರುವ ಹುಡುಗಿಗೆ? ಇಲ್ಲಿ ಲೆಕ್ಕ ಸಹಾಯಕ್ಕೆ ಬಂತು. 1895ರಲ್ಲಿ ಹಾರ್ವರ್ಡಿನಲ್ಲಿ ವ್ಯಾಲೆಸ್ ಸ್ಯಾಬಿನ್ ಅನ್ನುವ ಭೌತಶಾಸ್ತ್ರದ ಮೇಷ್ಟರಿಗೆ, ಮಾತೇ ಅರ್ಥವಾಗದಷ್ಟು ಪ್ರತಿಧ್ವನಿಸುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಮಾಡುವ ಕೆಲಸ ಬಂತು. ಅವರು ಪಕ್ಕದ ನಾಟಕಶಾಲೆಯ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಹರಡಿ, ಸದ್ದು ಎಷ್ಟು ಹೊತ್ತಿಗೆ ಅಡಗುತ್ತೆ ಅಂತ ಅಳೆಯುತ್ತಾ ಕೂತರು. ಅದರಿಂದ ಬಂದ ಸೂತ್ರವನ್ನೇ ನಾವು ಈಗಲೂ ಬಳಸುವುದು: ಘನ ಮೀಟರಿನಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಸಾಮರ್ಥ್ಯದಿಂದ (ಗೋಡೆ, ನೆಲ, ಛಾವಣಿ ಒಂದೊಂದರ ವಿಸ್ತೀರ್ಣವನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ್ದು) ಭಾಗಿಸಿದರೆ, ಸದ್ದು ಅಡಗಲು ಎಷ್ಟು ಸೆಕೆಂಡು ಬೇಕು ಅಂತ ಸಿಗುತ್ತದೆ.

ಆರು ಮೀಟರ್ ಅಗಲ, ಒಂಬತ್ತು ಉದ್ದ, ಮೂರು ಎತ್ತರದ ಆರ್‌ಸಿಸಿ ಕೋಣೆ ಅಂದುಕೊಳ್ಳಿ. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಸಿಮೆಂಟ್ ಛಾವಣಿ. ಇವು ತಮಗೆ ತಾಗಿದ ಸದ್ದಿನ ನೂರರಲ್ಲಿ ಮೂರು ಪಾಲನ್ನಷ್ಟೇ ಹೀರುತ್ತವೆ. ಲೆಕ್ಕ ಹಾಕಿದರೆ ಖಾಲಿ ಕೋಣೆಯಲ್ಲಿ ಸದ್ದು ಅಡಗಲು ನಾಲ್ಕು ಸೆಕೆಂಡಿಗೂ ಹೆಚ್ಚು. ಛಾವಣಿಯ ಅರ್ಧ ಭಾಗಕ್ಕೆ ಮಾತ್ರ, ಸದ್ದಿನ ನೂರರಲ್ಲಿ ಅರವತ್ತು ಪಾಲು ಹೀರುವ ಮರದೆಳೆ-ಸಿಮೆಂಟಿನ ಹಲಗೆ ಹಾಕಿ ನೋಡಿ: ಸುಮಾರು 1.2 ಸೆಕೆಂಡಿಗೆ ಇಳಿಯುತ್ತದೆ. ತೆಂಗಿನ ನಾರಿನ ಹಲಗೆಯೂ ನಮ್ಮಲ್ಲೇ ಸಿಗುತ್ತೆ, ಆದರೆ ಬೆಂಕಿಯ ಭಯಕ್ಕೆ ಅದಕ್ಕೆ ಬೇರೆ ಲೇಪ ಕೊಡಬೇಕು. ಹಾಗೆ ಮಾಡಿಯೂ ಪೇಪರ್ ಓದುವ ಮಂಡಳಿಯನ್ನು ನಾನು ಒಳಗೆ ಇಡಲಿಲ್ಲ. ಹೊರಗೆ ಜಗಲಿ ಕಟ್ಟಿ, ಮೇಲೆ ಶೀಟು ಇಳಿಸಿ, ನಿಂತು ಓದಲು ಓರೆ ಹಲಗೆ ಇಟ್ಟೆ. ಅಲ್ಲಿ ಎಷ್ಟು ಬೇಕಾದರೂ ಬೈಯಬಹುದು.

ಇದರಿಂದ ಇನ್ನೊಂದು ಸಮಸ್ಯೆ ಎದ್ದಿತು. ಬಾಗಿಲ ಪಕ್ಕದಲ್ಲೇ ಗಂಡಸರು ಗುಂಪಾಗಿ ಕೂತರೆ ಹೆಣ್ಣುಮಕ್ಕಳು ಒಳಗೆ ಬರಲು ಹಿಂಜರಿಯುತ್ತಾರೆ. ಅಂಥ ಕೆಲವು ಕಡೆ ಹುಡುಗಿಯರು ಪುಸ್ತಕ ತೆಗೆದುಕೊಂಡು ನೇರ ಮನೆಗೆ ಹೋಗುವುದನ್ನು ನೋಡಿದ್ದೆ, ಕೂರುತ್ತಲೇ ಇರಲಿಲ್ಲ. ಹಾಗಾಗಿ ಜಗಲಿಯನ್ನು ಬಾಗಿಲಿಂದ ಬಿಡಿಸಿ ಕಟ್ಟಡದ ಇನ್ನೊಂದು ಮಗ್ಗುಲಿಗೆ ಒಯ್ದೆ. ಮೇಲ್ವಿಚಾರಕರ ಮೇಜನ್ನು ಬಾಗಿಲೂ ಮಕ್ಕಳ ಮೂಲೆಯೂ ಎರಡೂ ಕಾಣುವ ಕಡೆ ಇಟ್ಟೆ. ರ‍್ಯಾಂಪ್ ಹಾಕುವಾಗ ಮಾತ್ರ ತಲೆ ಕೆಟ್ಟಿತು. ನೆಲಗಟ್ಟು ರಸ್ತೆಗಿಂತ 45 ಸೆಂಟಿಮೀಟರ್ ಎತ್ತರ. ಹನ್ನೆರಡಕ್ಕೆ ಒಂದರ ಇಳಿಜಾರು ಕೊಟ್ಟರೆ 5.4 ಮೀಟರ್ ಉದ್ದ ಬೇಕು, ಮುಂದಿನ ಅಂಗಳವೇ ನಾಲ್ಕು ಮೀಟರ್. ಗೋಡೆಗುಂಟ ತಿರುಗಿಸಿ, ತಿರುವಿನಲ್ಲಿ ಗಾಲಿಕುರ್ಚಿ ಸುತ್ತಲು ಒಂದೂವರೆ ಮೀಟರ್ ಚೌಕ ಬಿಟ್ಟೆ. ಎಷ್ಟೋ ಕಚೇರಿಗಳ ಮುಂದೆ ಸ್ಕೂಟರ್ ಹತ್ತಿಸಲು ಮಾಡಿದ ಹಾಗಿರುವ ರ‍್ಯಾಂಪ್‌ಗಳಿವೆ. ಗಾಲಿಕುರ್ಚಿಯಲ್ಲಿ ಅದನ್ನು ಒಬ್ಬರೇ ಹತ್ತುವುದು ಅಸಾಧ್ಯ, ಇಳಿಯುವುದು ಅಪಾಯ.

ಬಣ್ಣದ ಬಗ್ಗೆ ಕೇಳಿದಿರಾ? ಗ್ರಂಥಾಲಯದ ಒಳಗೆ ಬಿಳಿ, ಕಿಟಕಿಯ ಬೆಳಕು ಮೇಜಿನವರೆಗೂ ಹಾಯಲಿ ಅಂತ. ಕರೆಂಟ್ ಹೋದಾಗಲೂ ಓದಬೇಕಲ್ಲ. ಕೆಳಗಿನ ಮೂರಡಿ ಮಾತ್ರ ಗಾಢ ಬಣ್ಣ, ಮಕ್ಕಳ ಕೈ ತಾಗುವ ಜಾಗ.

ಇದರಿಂದ ಹೊಟ್ಟೆ ತುಂಬುತ್ತಾ ಅನ್ನುವುದು ಚಿಕ್ಕಪ್ಪನ ಮುಂದಿನ ಪ್ರಶ್ನೆ. ಹೊಲಿಗೆ ಸಂಘಕ್ಕೆ ಡಿಸೈನರ್ ಫೀಸು ಕೊಡುವ ಶಕ್ತಿ ಇಲ್ಲ, ಪಂಚಾಯಿತಿ ಎಸ್ಟಿಮೇಟಿನಲ್ಲಿ ಅಂಥದ್ದೊಂದು ಸಾಲನ್ನು ನಾನಂತೂ ಕಂಡಿಲ್ಲ. ಸೀನಿಯರ್‌ಗಳಲ್ಲಿ ಹೆಚ್ಚಿನವರು ಮಾಡ್ಯುಲರ್ ಕಂಪನಿಗಳಲ್ಲೇ ಇದ್ದಾರೆ, ನಾನೂ ಪಾಸಾದ ಮೇಲೆ ಅಲ್ಲಿಗೇ ಹೋಗಬಹುದು. ಸಂಬಳ ಬೇಕು. ಅದರಲ್ಲಿ ನನಗೆ ಮುಜುಗರವೇನೂ ಇಲ್ಲ.

ಸದ್ಯಕ್ಕೆ ಮುಂದಿನ ಸೆಮಿಸ್ಟರಿಗೆ ಬಸ್ ಡಿಪೋದ ವಿಶ್ರಾಂತಿ ಕೊಠಡಿಯನ್ನು ಆರಿಸಿಕೊಂಡಿದ್ದೇನೆ, ನೈಟ್ ಹಾಲ್ಟ್ ಮಾಡುವ ಚಾಲಕರು, ನಿರ್ವಾಹಕರು ಮಲಗುವ ಜಾಗ. ಓದುಗರಲ್ಲಿ ಆ ಕೆಲಸ ಮಾಡುವವರು, ಅಥವಾ ಮನೆಯಲ್ಲಿ ಅಂಥವರು ಇರುವವರು ಇದ್ದರೆ ಬರೆಯಿರಿ. ಕಲೆಕ್ಷನ್ ದುಡ್ಡಿನ ಬ್ಯಾಗನ್ನು ಮಲಗುವಾಗ ಎಲ್ಲಿ ಇಟ್ಟುಕೊಳ್ಳುತ್ತೀರಿ? ಬೆಳಗಿನ ಜಾವದ ಗಾಡಿಗೆ ಏಳುವವರ ಅಲಾರಂ ಉಳಿದವರ ನಿದ್ದೆ ಕೆಡಿಸದ ಹಾಗೆ ಈಗ ಏನು ಉಪಾಯ ಮಾಡಿಕೊಂಡಿದ್ದೀರಿ? ಮಹಿಳಾ ನಿರ್ವಾಹಕರಿಗೆ ಬೇರೆ ಕೋಣೆ ಇದೆಯಾ, ಇದ್ದರೆ ಅದರ ಚಿಲಕ ಒಳಗಿನಿಂದ ಸರಿಯಾಗಿ ಬೀಳುತ್ತಾ?