ಗೋಥೆನ್‌ಬರ್ಗ್‌ನಲ್ಲಿ ಒಂದು ದಿನ: ಬೆಳಿಗ್ಗೆ ಊರು, ಮಧ್ಯಾಹ್ನದ ಮೇಲೆ ದ್ವೀಪ

ಸ್ವೀಡನ್‌ಗೆ ಹೋದವರು ಹೆಚ್ಚಾಗಿ ಸ್ಟಾಕ್‌ಹೋಮ್ ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಇನ್ನೊಂದು ದಿನ ಕೈಯಲ್ಲಿದ್ದರೆ ಪಶ್ಚಿಮ ಕರಾವಳಿಯ ಗೋಥೆನ್‌ಬರ್ಗ್‌ಗೆ ಖಂಡಿತ ಹೋಗಿ. ಸ್ಟಾಕ್‌ಹೋಮ್‌ನಿಂದ ವೇಗದ ರೈಲಿನಲ್ಲಿ ಸುಮಾರು 3 ಗಂಟೆ ದಾರಿ. ವೋಲ್ವೋ ಹುಟ್ಟಿದ ಊರು ಇದು, ಹಾಗಾಗಿ ಬೆಂಗಳೂರಿನಿಂದ ಆಫೀಸ್ ಕೆಲಸದ ಮೇಲೆ ಬರುವ ಕನ್ನಡಿಗರೂ ಇದ್ದಾರೆ. ವಾರಾಂತ್ಯದಲ್ಲಿ ಏನು ನೋಡೋದು ಅಂತ ಯೋಚಿಸುತ್ತಿದ್ದರೆ ನನ್ನ ಸಲಹೆ ಒಂದೇ: ಎಲ್ಲವನ್ನೂ ನೋಡಲು ಹೋಗಬೇಡಿ. ಬೆಳಿಗ್ಗೆ ಊರಲ್ಲಿ ನಡೆದಾಡಿ, ಚೆನ್ನಾಗಿ ಊಟ ಮಾಡಿ, ಮಧ್ಯಾಹ್ನದ ಮೇಲೆ ದೋಣಿ ಹತ್ತಿ ದ್ವೀಪಕ್ಕೆ ಹೋಗಿ.

ಮೊದಲು ಟಿಕೆಟ್ ವಿಷಯ ನೋಡಿಕೊಳ್ಳಿ. ವೆಸ್ಟ್‌ಟ್ರಾಫಿಕ್ ಆ್ಯಪ್ ಹಾಕಿಕೊಂಡು ಎ ವಲಯಕ್ಕೆ ಒಂದು ದಿನದ ಟಿಕೆಟ್ ತೆಗೆದುಕೊಂಡರೆ ಟ್ರಾಮ್, ಬಸ್, ದಕ್ಷಿಣದ ದ್ವೀಪಗಳಿಗೆ ಹೋಗುವ ದೋಣಿ ಎಲ್ಲದಕ್ಕೂ ಅದೇ ಸಾಕು. ಬೇರೆ ಕಡೆ ದೊಡ್ಡ ದುಡ್ಡು ಕೊಟ್ಟು ಹತ್ತುವ ಸಮುದ್ರಯಾನ ಇಲ್ಲಿ ಸಿಟಿ ಬಸ್ಸಿನ ದರದಲ್ಲೇ ಸಿಗುತ್ತದೆ. ನಗದು ಹಣ ಎಲ್ಲೂ ಬೇಕಾಗುವುದಿಲ್ಲ. ಸಾರ್ವಜನಿಕ ಶೌಚಾಲಯಕ್ಕೂ ಎಷ್ಟೋ ಕಡೆ ಕಾರ್ಡೇ ಉಜ್ಜಬೇಕು. ಹಾಗಾಗಿ ವಿದೇಶದಲ್ಲಿ ನಡೆಯುವ ಕಾರ್ಡ್ ಎರಡಿರಲಿ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರು ಚೆನ್ನಾಗಿದೆ.

ಬೆಳಿಗ್ಗೆ ಹಾಗಾ ಬಡಾವಣೆಯಿಂದ ಶುರು ಮಾಡಿ. ಕಲ್ಲು ಹಾಸಿದ ಬೀದಿ, ಎರಡೂ ಕಡೆ ಹಳೆಯ ಮನೆಗಳು. ಒಂದು ಕ್ಷಣ ನಿಂತು ಮನೆಗಳನ್ನು ಗಮನಿಸಿ ನೋಡಿ: ಕೆಲವು ಮನೆಗಳಲ್ಲಿ ಕೆಳಗಿನ ಮಹಡಿ ಕಲ್ಲು ಅಥವಾ ಇಟ್ಟಿಗೆಯದು, ಮೇಲಿನ ಎರಡು ಮರದ್ದು. ಬೆಂಕಿಯ ಭಯಕ್ಕೆ ಎರಡು ಮಹಡಿಗಿಂತ ಎತ್ತರ ಮರದ ಮನೆ ಕಟ್ಟಬಾರದು ಅಂತ ಆಗ ನಿಯಮವಿತ್ತು. ಕೆಳಗೆ ಕಲ್ಲು ಕಟ್ಟಿ, ಮೇಲೆ ಮರ ಕೂರಿಸಿ, 1870ರ ದಶಕದಿಂದ ಮೂರು ಮಹಡಿ ಎಬ್ಬಿಸಿದರು. ಕಾರ್ಮಿಕರ ಕುಟುಂಬಗಳಿದ್ದ ಈ ಬಡಾವಣೆಯ ದೊಡ್ಡ ಭಾಗವನ್ನು ಮುಂದೆ ಕೆಡವಿದರು. ಜನ ಪ್ರತಿಭಟಿಸಿದ್ದರಿಂದ ಉಳಿದಷ್ಟು ಈಗ ನಮ್ಮ ಕಣ್ಣ ಮುಂದಿದೆ.

ಇಲ್ಲಿನ ಕೆಫೆಗಳಲ್ಲಿ ಊಟದ ತಟ್ಟೆಯಷ್ಟು ಅಗಲದ ಚಕ್ಕೆ ಬನ್ ಸಿಗುತ್ತದೆ, ಹಾಗಾಬುಲ್ಲೆ ಅಂತ ಹೆಸರು. ಮೇಲೆ ದಪ್ಪ ಸಕ್ಕರೆ ಹರಳು. ಇಬ್ಬರಿಗೆ ಒಂದು ಸಾಕು, ಮಕ್ಕಳಿದ್ದರೆ ನಾಲ್ವರಿಗೂ ಆಗುತ್ತದೆ. ನನಗೆ ಮಾತ್ರ ಅದಕ್ಕಿಂತ ಏಲಕ್ಕಿ ಬನ್ ಇಷ್ಟ. ಪುಡಿ ನುಣ್ಣಗೆ ಇರುವುದಿಲ್ಲ, ತರಿತರಿಯಾಗಿ ಕುಟ್ಟಿ ಹಾಕಿರುತ್ತಾರೆ. ಹಲ್ಲಿಗೆ ಸಿಕ್ಕಾಗ ಘಮ್ಮನೆ ಬಾಯಿ ತುಂಬುತ್ತದೆ. ನಮ್ಮ ಪಶ್ಚಿಮ ಘಟ್ಟದ ಗಿಡ ಸ್ವೀಡನ್ನಿನ ಬೇಕರಿಯಲ್ಲಿ ಇಷ್ಟು ಬೇರೂರಿರುವುದು ಖುಷಿಯ ವಿಷಯ ಅಲ್ವಾ? ಕಾಫಿ ಮಾತ್ರ ಹಾಲಿಲ್ಲದ ಫಿಲ್ಟರ್ ಕಾಫಿ, ನಮ್ಮ ಡಿಕಾಕ್ಷನ್ ಥರ ಗಟ್ಟಿ ಅಲ್ಲ. ಹಲವು ಕಡೆ ಎರಡನೇ ಕಪ್‌ಗೆ ದುಡ್ಡಿಲ್ಲ, ಕೇಳಿ ನೋಡಿ. ತಿಂದದ್ದು ಅರಗಬೇಕಾದರೆ ಬಡಾವಣೆಯ ಹಿಂದಿನ ಗುಡ್ಡ ಹತ್ತಿ. ಮೇಲೆ ಸ್ಕಾನ್ಸೆನ್ ಕ್ರೋನಾನ್ ಅನ್ನುವ 17ನೇ ಶತಮಾನದ ಕೋಟೆಯಿದೆ. ಅಲ್ಲಿಂದ ಊರಿನ ಮಾಡುಗಳು, ಬಂದರಿನ ಕ್ರೇನ್‌ಗಳು ಎಲ್ಲ ಕಾಣುತ್ತವೆ.

ಹಾಗಾದಿಂದ ಕೆಲವೇ ನಿಮಿಷ ನಡೆದರೆ ಕಾಲುವೆ ದಂಡೆಯಲ್ಲಿ ಫೆಸ್ಕೆಶೋರ್ಕಾ ಮೀನು ಮಾರುಕಟ್ಟೆ. 1874ರ ಕಟ್ಟಡ, ಹೊರಗಿನಿಂದ ಥೇಟ್ ಚರ್ಚು. ಒಳಗೆ ಕಂಬಗಳೇ ಇಲ್ಲ. ಮೀನು ತಿನ್ನುವವರು ಸೀಗಡಿ ಸ್ಯಾಂಡ್‌ವಿಚ್ ತಿನ್ನಲೇಬೇಕು. ಒಂದೇ ಹೋಳು ಬ್ರೆಡ್, ಮೇಲೆ ಲೆಟಿಸ್ ಎಲೆ, ಬೇಯಿಸಿದ ಮೊಟ್ಟೆ, ಮೇಯೊನೀಸ್, ಅದರ ಮೇಲೆ ಬ್ರೆಡ್ ಕಾಣದ ಹಾಗೆ ತಣ್ಣನೆಯ ಸಣ್ಣ ಸೀಗಡಿ. ನಮ್ಮ ಕರಾವಳಿಯ ಖಾರ, ಹುಳಿ ಏನೂ ಇಲ್ಲ. ಸೀಗಡಿಯ ಸಿಹಿಯೇ ಇದರ ರುಚಿ. ನಿಂಬೆ ಹಿಂಡಿಕೊಳ್ಳಿ, ಮೇಲೆ ಉದುರಿಸಿರುವ ಸಬ್ಬಸಿಗೆ ಸೊಪ್ಪಿನ ಜೊತೆಗೇ ತಿನ್ನಿ. ಬೆಲೆ ಜಾಸ್ತಿ, ಆದರೆ ಒಂದು ಹೊತ್ತಿನ ಊಟವೇ ಆಗುತ್ತದೆ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ವಾರದ ದಿನವಾದರೆ ಹೋಟೆಲುಗಳ ಹೊರಗೆ 'ದಾಗೆನ್ಸ್ ಲುಂಚ್' ಬೋರ್ಡ್ ಹುಡುಕಿ. ಹನ್ನೊಂದೂವರೆಯಿಂದ ಎರಡರವರೆಗೆ ಒಂದೇ ಬೆಲೆಗೆ ಊಟ, ಸಲಾಡ್, ಬ್ರೆಡ್, ಕಾಫಿ ಕೊಡುತ್ತಾರೆ. ಬಹಳ ಕಡೆ ಒಂದು ಸಸ್ಯಾಹಾರದ ಆಯ್ಕೆ ಇರುತ್ತದೆ. ರಾತ್ರಿ ಅದೇ ಹೋಟೆಲಿನಲ್ಲಿ ಬಿಲ್ ಎಷ್ಟೋ ಹೆಚ್ಚು. ಅದಕ್ಕೇ ದೊಡ್ಡ ಊಟ ಮಧ್ಯಾಹ್ನವೇ ಮುಗಿಸಿ ಅನ್ನುವುದು. ಫಲಾಫೆಲ್ ರೋಲ್ ಅಂಗಡಿಗಳೂ ಬೇಕಾದಷ್ಟಿವೆ, ಅವು ಅಗ್ಗ, ಹೊಟ್ಟೆಯೂ ತುಂಬುತ್ತದೆ.

ಊರನ್ನು ನೀರಿನ ಮೇಲಿಂದ ನೋಡಬೇಕಾದರೆ ಕುಂಗ್ಸ್‌ಪೋರ್ಟ್ಸ್‌ಪ್ಲಾಟ್ಸೆನ್ ಹತ್ತಿರ ಪದ್ದಾನ್ ಎಂಬ ಚಪ್ಪಟೆ ದೋಣಿ ಹತ್ತಬಹುದು. ಇದು ಬೇಸಿಗೆ ಕಾಲದ್ದು, ಟಿಕೆಟ್ ಬೇರೆ. 1621ರಲ್ಲಿ ಊರು ಕಟ್ಟಿದಾಗ ಡಚ್ಚರು ಬಂದು ತೋಡಿಸಿದ ಕಾಲುವೆಗಳು ಇವು. ಒಂದು ಸೇತುವೆ ಎಷ್ಟು ತಗ್ಗು ಅಂದರೆ ಎಲ್ಲರೂ ಸೀಟು ಬಿಟ್ಟು ದೋಣಿಯ ತಳದಲ್ಲಿ ಕುಕ್ಕರಿಸಬೇಕು. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ. ಮಂಡಿ ನೋವಿರುವ ಹಿರಿಯರಿದ್ದರೆ ಇದನ್ನು ಬಿಡಿ. ಅವರ ಜೊತೆ ಸ್ಲೊಟ್ಸ್‌ಸ್ಕೋಗೆನ್ ಉದ್ಯಾನ ಒಳ್ಳೆಯದು. ಅಲ್ಲಿನ ಮೃಗಾಲಯಕ್ಕೆ ಪ್ರವೇಶ ಉಚಿತ, ಎಲ್ಕ್ ಜಿಂಕೆಯನ್ನೂ ಸೀಲನ್ನೂ ನೋಡಬಹುದು.

ಲಿಸೆಬೆರಿ ಮನರಂಜನಾ ಪಾರ್ಕ್‌ಗೆ ಇದೇ ದಿನ ಹೋಗುವ ಯೋಚನೆ ಬೇಡ. ಅದಕ್ಕೆ ಪೂರ್ತಿ ದಿನವೇ ಬೇಕು.

ಎರಡು ಗಂಟೆ ಹೊತ್ತಿಗೆ 11ನೇ ನಂಬರ್ ಟ್ರಾಮ್ ಹತ್ತಿ ಕೊನೆಯ ಸ್ಟಾಪ್ ಸಾಲ್ಟ್‌ಹೋಲ್ಮೆನ್‌ಗೆ ಹೋಗಿ. ಊರ ಮಧ್ಯದಿಂದ ಅರ್ಧ ಗಂಟೆಯ ದಾರಿ. ಇಳಿದ ತಕ್ಷಣ ಎದುರಿಗೇ ದೋಣಿ ಕಟ್ಟೆ. ಯಾವ ದ್ವೀಪ ಅಂತ ಕೇಳಿದರೆ ಮೊದಲ ಸಲಕ್ಕೆ ಸ್ಟಿರ್ಸೊ ಅಥವಾ ವ್ರೊಂಗೊ ಅನ್ನುತ್ತೇನೆ. ಸ್ಟಿರ್ಸೊ ಹತ್ತಿರ, ಮರದ ಮನೆಗಳ ನಡುವೆ ಸುಮ್ನೆ ಅಡ್ಡಾಡಬಹುದು, ಸೇತುವೆ ದಾಟಿ ಪಕ್ಕದ ದೊನ್ಸೊಗೂ ನಡೆದೇ ಹೋಗಬಹುದು. ವ್ರೊಂಗೊ ದೂರ, ಮೀನುಗಾರರ ಹಳ್ಳಿ, ಹಳ್ಳಿ ದಾಟಿದರೆ ಬಂಡೆ, ಕುರುಚಲು ಗಿಡ, ಎದುರಿಗೆ ತೆರೆದ ಸಮುದ್ರ. ಈ ದ್ವೀಪಗಳಲ್ಲಿ ಕಾರುಗಳಿಲ್ಲ. ಮುಂದೆ ಸಾಮಾನು ಇಡುವ ತಟ್ಟೆ ಇರುವ ಮೊಪೆಡ್‌ಗಳಲ್ಲೇ ಜನ ದಿನಸಿ, ಮಕ್ಕಳು, ನಾಯಿ ಎಲ್ಲವನ್ನೂ ಕೂರಿಸಿಕೊಂಡು ಹೋಗುತ್ತಾರೆ. ಸದ್ದು ಕೇಳಿಸಿದರೆ ಪಕ್ಕಕ್ಕೆ ಸರಿದು ದಾರಿ ಬಿಡಿ.

ಬಂಡೆಗಳನ್ನು ಹಿಮದ ಕಾಲದ ನೀರ್ಗಲ್ಲು ಉಜ್ಜಿ ನುಣುಪಾಗಿಸಿದೆ. ಒಣಗಿದ್ದಾಗ ಬೆನ್ನು ಚಾಚಿ ಮಲಗಬಹುದು, ಒದ್ದೆಯಾದರೆ ಜಾರುತ್ತವೆ. ಹಾಗಾಗಿ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಕೊಳ್ಳಿ. ಜುಲೈನಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು. ಮಳೆ ಯಾವಾಗ ಬೇಕಾದರೂ ಬರುತ್ತದೆ, ಈ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ದ್ವೀಪದಲ್ಲಿ ಅಂಗಡಿ ಕಡಿಮೆ, ಊರಿಂದಲೇ ಬನ್ನು, ಹಣ್ಣು ತೆಗೆದುಕೊಂಡು ಹೋಗಿ.

ದಡ ಇಳಿದ ಕೂಡಲೇ ವಾಪಸ್ ದೋಣಿಯ ಸಮಯವನ್ನು ಆ್ಯಪ್‌ನಲ್ಲಿ ನೋಡಿಟ್ಟುಕೊಳ್ಳಿ. ವ್ರೊಂಗೊದಿಂದ ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕಾಗಬಹುದು. ಜೂನ್‌ನಲ್ಲಿ ಹೋದರೆ ಅವಸರವೇ ಇಲ್ಲ, ರಾತ್ರಿ ಹತ್ತರವರೆಗೂ ಸೂರ್ಯ ಇರುತ್ತಾನೆ. ಡಿಸೆಂಬರ್‌ನಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಆಗ ಈ ಕ್ರಮವನ್ನೇ ತಿರುಗಿಸಿ, ಬೆಳಿಗ್ಗೆ ದ್ವೀಪ, ಮಧ್ಯಾಹ್ನ ಹಾಗಾ. ಸಂಜೆ ಊರಿಗೆ ಬಂದ ಮೇಲೆ ಮಾಂಸ ತಿನ್ನುವವರು ಬೀದಿ ಬದಿಯ ಗೂಡಂಗಡಿಯಲ್ಲಿ 'ಹಾಲ್ವ್ ಸ್ಪೆಷಲ್' ಕೇಳಿ. ಬ್ರೆಡ್ಡಿನೊಳಗೆ ಒಂದು ಸಾಸೇಜ್, ಮೇಲೆ ಬಿಸಿ ಆಲೂಗಡ್ಡೆ ಪಲ್ಯದಂಥ ಮ್ಯಾಶ್. ನಿಂತುಕೊಂಡೇ ತಿಂದು, ಅದೇ ದಿನದ ಟಿಕೆಟ್‌ನಲ್ಲಿ ಟ್ರಾಮ್ ಹಿಡಿದು ರೂಮಿಗೆ ಹೋಗಬಹುದು.