ಕಮಾಂಡ್ ಲೈನ್ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಟ್ಟಡ ಕೆಲಸಗಳಲ್ಲಿ ಇಪ್ಪತ್ತು ವರ್ಷಗಳಿಂದ ಸೂಪರ್‌ವೈಸರ್ ಆಗಿರುವ ನಾನು ಪ್ಲಾನುಗಳನ್ನು ಓದಿದ್ದೇನೆಯೇ ಹೊರತು ಬರೆದವನಲ್ಲ. ಬಂದ ಹಾಳೆಯನ್ನು ಇಟ್ಟಿಗೆಯ ರಾಶಿಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟು, ಮೇಸ್ತ್ರಿಗೆ ಸೆಂಟರ್ ಲೈನ್ ತೋರಿಸಿ ದಾರ ಕಟ್ಟಿಸುವುದು ನನ್ನ ಕೆಲಸ. ಒಂದು ಕಿಟಕಿಯನ್ನು ಅರ್ಧ ಅಡಿ ಸರಿಸಬೇಕಾದರೂ ತಿದ್ದಿದ ಹಾಳೆ ಬರುವವರೆಗೆ ಕಾಯಬೇಕಾಗುತ್ತಿತ್ತು. ಆದ್ದರಿಂದ ಈ ವರ್ಷ ಕಂಪ್ಯೂಟರಿನಲ್ಲಿ ಪ್ಲಾನು ಬರೆಯುವ ಆಟೊಕ್ಯಾಡ್ ತಂತ್ರಾಂಶವನ್ನು ಕಲಿಯಲು ನಿರ್ಧರಿಸಿ, ರಾಜಾಜಿನಗರದ ಒಂದು ತರಬೇತಿ ಕೇಂದ್ರದಲ್ಲಿ ಸಂಜೆಯ ತರಗತಿಗೆ ಸೇರಿದೆ.

ಅಲ್ಲಿ ಮೊದಲ ದಿನವೇ ಕೈಗೆ ಬಂದದ್ದು ಆಜ್ಞೆಗಳನ್ನು ಚುಟುಕಾಗಿ ಕೊಡುವ ಶಾರ್ಟ್‌ಕಟ್‌ಗಳ ಒಂದು ಉದ್ದನೆಯ ಪಟ್ಟಿ. ಲೈನ್‌ಗೆ ಎಲ್, ಆಫ್‌ಸೆಟ್‌ಗೆ ಓ, ಟ್ರಿಮ್‌ಗೆ ಟಿಆರ್, ಮಿರರ್‌ಗೆ ಎಂಐ ಎಂದು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬರಲು ಹೇಳಿದರು. ಎರಡು ವಾರ ಕಳೆದರೂ ನನಗೆ ಒಂದು ಕೋಣೆಯನ್ನು ಸರಿಯಾಗಿ ಎಳೆಯಲು ಬರಲಿಲ್ಲ. ಆಗ ನೆರವಿಗೆ ಬಂದವಳು ಆರ್ಕಿಟೆಕ್ಚರ್ ಓದುತ್ತಿರುವ ನನ್ನ ಅಕ್ಕನ ಮಗಳು. ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು ನೋಡಿದವಳು, "ಮಾವ, ಆ ಪಟ್ಟಿ ಪಕ್ಕಕ್ಕಿಡಿ. ಕೆಳಗಡೆ ಅದು ಏನು ಕೇಳ್ತಾ ಇದೆ ಅಂತ ಓದಿ, ಆಮೇಲೆ ಉತ್ತರ ಕೊಡಿ" ಎಂದಳು.

ಪರದೆಯ ಕೆಳಭಾಗದಲ್ಲಿರುವ ಕಮಾಂಡ್ ಲೈನನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಆಟೊಕ್ಯಾಡ್ ಮೊದಲು ಬಿಡುಗಡೆಯಾದದ್ದು 1982ರ ಡಿಸೆಂಬರ್‌ನಲ್ಲಿ. ಟೈಪ್ ಮಾಡಿದ ಆಜ್ಞೆಗೆ ಗೆರೆ ಎಳೆಯುವ ಆ ಕ್ರಮ ಇಂದಿಗೂ ಹಾಗೆಯೇ ಉಳಿದುಬಂದಿದೆ. ಆಜ್ಞೆ ಕೊಟ್ಟ ಕೂಡಲೇ ಆ ಸಾಲಿನಲ್ಲಿ ಒಂದು ಪ್ರಶ್ನೆ ಕಾಣಿಸಿಕೊಳ್ಳುತ್ತದೆ. ಚೌಕ ಕಂಸದೊಳಗೆ ಇರುವುದು ನಾವು ಆರಿಸಿಕೊಳ್ಳಬಹುದಾದ ಬೇರೆ ದಾರಿಗಳು. < ಮತ್ತು > ಚಿಹ್ನೆಗಳ ನಡುವೆ ಇರುವುದು ನಾವು ಏನನ್ನೂ ಬರೆಯದೆ ಎಂಟರ್ ಒತ್ತಿದರೆ ಅದು ಹಿಡಿದುಕೊಳ್ಳುವ ಉತ್ತರ. ಇಷ್ಟು ತಿಳಿದ ಮೇಲೆ ಪಟ್ಟಿಯನ್ನು ನೆನಪಿಡುವ ಭಾರ ಬಹುಮಟ್ಟಿಗೆ ಇಳಿಯಿತು.

ಮೊದಲ ಅಭ್ಯಾಸಕ್ಕೆ ನಾನು ಆರಿಸಿಕೊಂಡದ್ದು ನಮ್ಮ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮೂವತ್ತು-ನಲವತ್ತು ಸೈಟು. 30 ಅಡಿ ಎಂದರೆ 9144 ಮಿಲಿಮೀಟರ್, 40 ಅಡಿ ಎಂದರೆ 12192. ಆಟೊಕ್ಯಾಡ್‌ನಲ್ಲಿ ಅಳತೆಯನ್ನು ಕುಗ್ಗಿಸದೆ ನಿಜವಾದ ಗಾತ್ರದಲ್ಲಿಯೇ ಬರೆಯಬೇಕು, ಸ್ಕೇಲಿನ ಮಾತು ಮುದ್ರಣದ ಹೊತ್ತಿಗೆ ಬರುತ್ತದೆ ಎಂಬುದು ಕಾಗದಕ್ಕೆ ಒಗ್ಗಿದ ನನಗೆ ಹೊಸ ವಿಷಯವಾಗಿತ್ತು. ಎಲ್ ಒತ್ತಿ ಎಂಟರ್ ಕೊಟ್ಟಾಗ ಅದು ಮೊದಲ ಬಿಂದು ಎಲ್ಲಿ ಎಂದು ಕೇಳುತ್ತದೆ, 0,0 ಎಂದೆ. ಮುಂದಿನ ಬಿಂದುವಿಗೆ @9144,0, ಅದರ ಮುಂದೆ @0,12192, ಬಳಿಕ @-9144,0 ಕೊಟ್ಟು, ಕೊನೆಗೆ ಸಿ ಒತ್ತಿದರೆ ಆಕೃತಿ ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲಿ @ ಚಿಹ್ನೆಗೆ 'ಈಗ ನಿಂತಿರುವ ಜಾಗದಿಂದ' ಎಂಬ ಅರ್ಥವಿದೆ. ನೆಟ್ಟ ಗೂಟದಿಂದ ಟೇಪು ಹಿಡಿದು ಮುಂದಿನ ಗೂಟಕ್ಕೆ ಅಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗೆರೆಗಳು ಪರದೆಯಲ್ಲಿ ಪೂರ್ತಿಯಾಗಿ ಕಾಣುತ್ತಿರಲಿಲ್ಲ, ಏಕೆಂದರೆ ಅವು ಪರದೆಯ ಅಂಚನ್ನು ದಾಟಿ ಬಹಳ ದೂರ ಹೋಗಿದ್ದವು. ತರಗತಿಯಲ್ಲಿ ಇಂಥ ಹೊತ್ತಿನಲ್ಲಿ ನಾನು ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಎಳೆಯುತ್ತಿದ್ದೆ. ಝೆಡ್ ಒತ್ತಿ ಎಂಟರ್, ಮತ್ತೆ ಇ ಒತ್ತಿ ಎಂಟರ್ ಕೊಟ್ಟರೆ ಸಾಕಾಗಿತ್ತು. ಬರೆದದ್ದೆಲ್ಲವೂ ಪರದೆಯೊಳಗೆ ಬಂದು ನಿಲ್ಲುತ್ತದೆ. ಆಮೇಲೆ ಡಿಐ ಕಮಾಂಡ್ ಕೊಟ್ಟು ಎದುರುಬದುರು ಮೂಲೆಗಳ ನಡುವಿನ ದೂರವನ್ನು ಅಳೆದೆ. ಬಂದ ಅಂಕಿ 15240, ಅಂದರೆ ಸರಿಯಾಗಿ 50 ಅಡಿ. ಪಾಯದ ಮಾರ್ಕಿಂಗ್ ಮಾಡುವಾಗ ಮೂಲೆ ಮಟ್ಟಸವಾಗಿದೆಯೇ ಎಂದು ನೋಡಲು ಮೇಸ್ತ್ರಿಗಳು ಹಿಡಿಯುವ ಮೂರು-ನಾಲ್ಕು-ಐದರ ಲೆಕ್ಕವೇ ಇದು. ಸೈಟಿನಲ್ಲಿ ಎಷ್ಟೋ ಸಲ ಟೇಪಿನ ತುದಿ ಹಿಡಿದು ನಾನೇ ನೋಡಿದ ಅಂಕಿ ಪರದೆಯ ಮೇಲೆ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮುಂದಿನದು ಗೋಡೆ. ಒಳಅಳತೆ 3048ಕ್ಕೆ 3658 ಇರುವ, ಎಂದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯೊಂದನ್ನು ಎಳೆದು, ಒಂಬತ್ತು ಇಂಚಿನ ಗೋಡೆಗಾಗಿ, ಗೆರೆಗೆ ಸಮಾನಾಂತರವಾಗಿ ಇನ್ನೊಂದು ಗೆರೆ ಎಳೆಯುವ ಆಫ್‌ಸೆಟ್ ಕೊಟ್ಟೆ. ಆಫ್‌ಸೆಟ್ ಕೇಳುವುದು ಮೂರೇ ಪ್ರಶ್ನೆ: ಎಷ್ಟು ದೂರ, ಯಾವ ಗೆರೆ, ಯಾವ ಬದಿಗೆ. 230 ಎಂದು ಬರೆದು, ನಾಲ್ಕು ಗೆರೆಗಳನ್ನೂ ಒಂದೊಂದಾಗಿ ಹೊರಬದಿಗೆ ನಕಲು ಮಾಡಿದಾಗ ಗೋಡೆಗಳು ಬಂದವು, ಆದರೆ ಹೊರಗಿನ ಮೂಲೆಗಳು ಕೂಡಲಿಲ್ಲ. ನಾಲ್ಕು ಕಡೆಯೂ ಖಾಲಿ ಜಾಗ ಉಳಿಯಿತು. ಲೈನ್ ಕಮಾಂಡಿನಲ್ಲಿ ಎಳೆದ ನಾಲ್ಕು ಗೆರೆಗಳು ನಾಲ್ಕು ಬಿಡಿ ವಸ್ತುಗಳಾದ್ದರಿಂದ ಪ್ರತಿಯೊಂದರ ನಕಲೂ ಮೂಲ ಗೆರೆಯಷ್ಟೇ ಉದ್ದವಿರುತ್ತದೆ. ಅದೇ ಕೋಣೆಯನ್ನು ರೆಕ್ಟ್ಯಾಂಗಲ್ ಅಥವಾ ಪಾಲಿಲೈನ್‌ನಿಂದ ಎಳೆದಿದ್ದರೆ ಅದು ಒಂದೇ ವಸ್ತುವಾಗಿ, ಒಂದೇ ಆಫ್‌ಸೆಟ್‌ಗೆ ಮೂಲೆಗಳ ಸಮೇತ ಹೊರಗೋಡೆ ಸಿದ್ಧವಾಗುತ್ತಿತ್ತು. ಆದರೂ ಬಿಡಿ ಗೆರೆಗಳಿಂದ ಕಷ್ಟಪಟ್ಟದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ, ಏಕೆಂದರೆ ಫಿಲೆಟ್ ಪರಿಚಯವಾದದ್ದು ಅದರಿಂದಲೇ. ಮೂಲೆಯನ್ನು ದುಂಡಗೆ ಮಾಡುವ ಈ ಕಮಾಂಡಿನಲ್ಲಿ ತ್ರಿಜ್ಯವನ್ನು 0 ಎಂದು ಇಟ್ಟರೆ ಎರಡು ಗೆರೆಗಳೂ ಬೆಳೆದು ಚೂಪಾದ ಮೂಲೆಯಲ್ಲಿ ಕೂಡಿಕೊಳ್ಳುತ್ತವೆ. ಹಿಂದಿನ ಸಲ ಕೊಟ್ಟ ತ್ರಿಜ್ಯ ಆ ಡ್ರಾಯಿಂಗ್‌ನಲ್ಲಿ ಉಳಿದಿರುತ್ತದೆ, ಅದನ್ನೂ ಕಮಾಂಡ್ ಲೈನ್ ಮೊದಲೇ ತೋರಿಸುತ್ತದೆ. ಓದದೆ ಮುಂದುವರಿದರೆ ಮನೆಯ ಮೂಲೆ ಬಾಗಿಬಿಡುತ್ತದೆ.

ಬಾಗಿಲಿನ ಜಾಗ ಬಿಡಲು ಗೆರೆ ಕತ್ತರಿಸುವ ಟ್ರಿಮ್ ಬೇಕು. ತರಗತಿಯಲ್ಲಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ ಕಮಾಂಡ್ ಇದು. ಅಲ್ಲಿದ್ದ ಹಳೆಯ ಆವೃತ್ತಿ ಮೊದಲು ಕೇಳುತ್ತಿದ್ದದ್ದು ಯಾವ ಗೆರೆಯವರೆಗೆ ಕತ್ತರಿಸಬೇಕು ಎಂಬುದನ್ನು. ನಾನು ತೋರಿಸುತ್ತಿದ್ದದ್ದು ಯಾವುದನ್ನು ಕತ್ತರಿಸಬೇಕು ಎಂಬುದನ್ನು. ಅಂಚಿನ ಗೆರೆಗಳನ್ನು ಆರಿಸಿ ಎಂಟರ್ ಒತ್ತಿದ ಮೇಲೆಯೇ ಎರಡನೆಯ ಪ್ರಶ್ನೆ ಬರುತ್ತಿತ್ತು. 2021ರ ಆವೃತ್ತಿಯಿಂದ ಈಚೆಗೆ ಮೊದಲ ಹಂತವನ್ನು ಕೈಬಿಟ್ಟು, ಎಲ್ಲ ಗೆರೆಗಳನ್ನೂ ಅಂಚುಗಳೆಂದೇ ತಿಳಿದುಕೊಂಡು, ಬೇಡವಾದ ತುಂಡನ್ನು ನೇರವಾಗಿ ಕ್ಲಿಕ್ ಮಾಡಲು ಬಿಡುತ್ತದೆ. ಕೈಯಲ್ಲಿದ್ದ ಪಟ್ಟಿಯಲ್ಲಿ ಎರಡಕ್ಕೂ ಟಿಆರ್ ಎಂದೇ ಇತ್ತು.

ಮೂವ್, ಕಾಪಿ, ಮಿರರ್ ಇವುಗಳಿಗೆ ಒಂದು ಸಂಜೆ ಸಾಕಾಯಿತು. ಎಫ್8 ಒತ್ತಿದರೆ ಗೆರೆ ನೇರವಾಗಿ ಅಡ್ಡಕ್ಕೆ ಅಥವಾ ಉದ್ದಕ್ಕೆ ಮಾತ್ರ ಹೋಗುತ್ತದೆ. ಎಫ್3 ಒತ್ತಿ, ಗೆರೆಯ ತುದಿಗೆ ಸರಿಯಾಗಿ ಕೂಡಿಸುವ ಆಬ್ಜೆಕ್ಟ್ ಸ್ನ್ಯಾಪ್ ಹಾಕಿಕೊಳ್ಳುವುದನ್ನು ಮಾತ್ರ ಯಾರೂ ಮರೆಯಬಾರದು. ಕಣ್ಣಿಗೆ ಕೂಡಿದಂತೆ ಕಾಣುವ ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿದಿದ್ದರೂ ಮುಂದೆ ಆಕೃತಿಯೊಳಗೆ ಹ್ಯಾಚ್ (ಗೀಟುಗಳ ವಿನ್ಯಾಸ) ತುಂಬುವಾಗ ಅದು ತೊಂದರೆ ಕೊಡುತ್ತದೆ.

ಕಳೆದ ಭಾನುವಾರ ಆ ಸೈಟು ಮತ್ತು ಕೋಣೆಯನ್ನು ಎ4 ಹಾಳೆಯ ಮೇಲೆ 1:50 ಸ್ಕೇಲಿನಲ್ಲಿ ಮುದ್ರಿಸಲು ಕುಳಿತೆವು. ಮೊದಲ ಹಾಳೆಯ ಮೇಲೆ ಅಳತೆಪಟ್ಟಿಯಿಟ್ಟು ಅಳೆದಾಗ ಸೈಟಿನ ಅಗಲ 190 ಮಿಲಿಮೀಟರ್ ದಾಟಿತ್ತು. ಪ್ಲಾಟ್, ಅಂದರೆ ಮುದ್ರಣ, ಮಾಡುವಾಗ ಫಿಟ್ ಟು ಪೇಪರ್ ಎಂಬ ಗುರುತು ಹಾಗೆಯೇ ಉಳಿದು, ಹಾಳೆ ತುಂಬುವಷ್ಟು ಚಿತ್ರ ಹಿಗ್ಗಿತ್ತು. ಗುರುತು ತೆಗೆದು, ಸ್ಕೇಲನ್ನು ನಾವೇ ಆರಿಸಿ, ಇನ್ನೊಂದು ಹಾಳೆ ತೆಗೆದು ಮತ್ತೆ ಪಟ್ಟಿಯಿಟ್ಟೆ. ಈ ಸಲ 183 ಬಂತು, ಅಂದರೆ 9144ರ ಐವತ್ತನೇ ಒಂದು ಭಾಗ. "ಈಗ ಬಾಗಿಲು ಬರೀರಿ ಮಾವ, ಬಾಗಿದ ಗೆರೆಗೆ ಆರ್ಕ್ ಕಮಾಂಡ್ ಇದೆ" ಎಂದು ಅವಳು ಕುರ್ಚಿಯನ್ನು ನನ್ನ ಕಡೆಗೆ ಸರಿಸಿದಳು.